ಜಾಲಿಸಿದ ಮೇಲೂ ಉಳಿದದ್ದು

ಕರುಣಾಕರನ ಅಂಗಿ ನಮ್ಮ ಮನೆಗೆ ಬಂದದ್ದು ಕಂದು ಕಾಗದದಲ್ಲಿ ಸುತ್ತಿಕೊಂಡು, ಬಿಳಿ ದಾರ ಕಟ್ಟಿಸಿಕೊಂಡು. ದಾರ ಬಿಚ್ಚುವ ಮೊದಲೇ ನನಗೆ ಅನುಮಾನ ಬಂದಿತ್ತು. ಗಂಟು ತೀರ ಅಚ್ಚುಕಟ್ಟಾಗಿತ್ತು. ದಿನವೆಲ್ಲ ತೊಟ್ಟ ಅಂಗಿಯನ್ನು ಬಿಚ್ಚಿದ ಹಾಗೆಯೇ ಮಡಿಸಿ ಹುಡುಗಿಯ ಮನೆಗೆ ಕಳಿಸುವಾಗ ಯಾವ ತಾಯಿಯ ಕೈಯಾದರೂ ಸ್ವಲ್ಪ ನಡುಗುತ್ತದೆ, ಏಕೆಂದರೆ ಮಗನ ಮನಸ್ಸೆಲ್ಲ ಆ ಬಟ್ಟೆಯಲ್ಲಿ ಇರುತ್ತದೆ. ಈ ಗಂಟು ಹಾಕಿದ ಕೈ ನಡುಗಿರಲಿಲ್ಲ.

ನಮ್ಮೂರಿನಲ್ಲಿ ಮದುವೆಯ ಮಾತುಕತೆಯಲ್ಲಿ ಮಾತು ಕಡಿಮೆ. ಹುಡುಗನ ಅಂಗಿ ಹುಡುಗಿಯ ಮನೆಗೆ ಬರುತ್ತದೆ, ಹುಡುಗಿಯ ದುಪಟ್ಟಾ ಹುಡುಗನ ಮನೆಗೆ ಹೋಗುತ್ತದೆ. ಅದನ್ನು ಹೆಗಲ ಮೇಲೆ ಹಾಕಿಕೊಂಡು ಒಂದು ಸಂಜೆ ಸುಮ್ಮನೆ ಕೂತರೆ ಆಯಿತು, ತೊಟ್ಟವರ ಮನಸ್ಸು ನಮ್ಮ ಮೈಗೆ ಹತ್ತಿ ಆ ಕಡೆಯವರು ಎಂಥವರು ಎಂದು ತಿಳಿಯುತ್ತದೆ. ಒಪ್ಪಿಗೆಯಾದರೆ ಬಟ್ಟೆ ಅಲ್ಲೇ ಉಳಿಯುತ್ತದೆ, ಆಗದಿದ್ದರೆ ಒಗೆದು ಇಸ್ತ್ರಿ ಮಾಡಿ ವಾಪಸು ಕಳಿಸುತ್ತಾರೆ. ಯಾರೂ ಕಾರಣ ಕೇಳುವುದಿಲ್ಲ. ಬಟ್ಟೆಯೇ ಹೇಳುವಾಗ ಬಾಯಿಬಿಟ್ಟು ‘ನಿನ್ನ ಮನಸ್ಸಿನಲ್ಲೇನಿದೆ’ ಎಂದು ಕೇಳುವುದು ನಮ್ಮಲ್ಲಿ ದೊಡ್ಡ ಅಸಭ್ಯತೆ, ಎದುರಿಗೆ ಕೂತವರ ಎಲೆಗೆ ಕೈಹಾಕಿದ ಹಾಗೆ. ನನಗೆ ಈ ಊರು ಒಗ್ಗಿದ್ದೇ ಅದಕ್ಕೆ. ಪದವಿ ಓದಲು ಬೇರೆ ಊರಿನ ಹಾಸ್ಟೆಲಿನಲ್ಲಿದ್ದಾಗ ಎಲ್ಲರೂ ಏನಾದರೊಂದು ಕೇಳುತ್ತಲೇ ಇರುತ್ತಿದ್ದರು. ನಾನು ತಲೆ ತಗ್ಗಿಸಿಕೊಂಡು ಕೋಣೆಗೆ ಬಂದು, ಹೇಳಬೇಕಾಗಿದ್ದ ಉತ್ತರಗಳನ್ನೆಲ್ಲ ಡೈರಿಯಲ್ಲಿ ಬರೆದು ಮಲಗುತ್ತಿದ್ದೆ.

ಅಂಗಿಯನ್ನು ಮೊದಲು ಹೆಗಲಿಗೆ ಹಾಕಿಕೊಂಡವಳು ನೀಲತ್ತೆ. ಅವಳು ಅಪ್ಪನ ಅಕ್ಕ. ನಮ್ಮ ಮನೆ ನಡೆಯುವುದು ಅವಳಿಂದಲೇ. ಅಡುಗೆ, ಒಗೆತ, ನನ್ನ ಮದುವೆ, ಎಲ್ಲ ಅವಳ ಇಲಾಖೆ. ಮಧ್ಯಾಹ್ನ ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಂಡು ಜಗಲಿಯ ಕಂಬಕ್ಕೆ ಒರಗಿ ಕಾಲು ಚಾಚಿದಳೆಂದರೆ ಸಂಜೆಯ ಕಾಫಿಯವರೆಗೆ ಅವಳಿಗೆ ಲೋಕದಲ್ಲಿ ಯಾರ ಹಂಗೂ ಇಲ್ಲ. ಅಂಗಿ ಹಾಕಿಕೊಂಡು ಕಣ್ಣು ಮುಚ್ಚಿ ಕೂತವಳು ತಲೆದೂಗಿದಳು.

“ಚಿನ್ನದಂಥ ಹುಡುಗ ಕಣೇ ನಿರೂ. ಒಳಗೆಲ್ಲ ತಂಪಾಗಿದೆ. ಇಂಥದ್ದು ಸಿಗಲ್ಲ, ಬೇಗ ಹೂಂ ಅನ್ನು.”

ನಾನು ಹಾಕಿಕೊಂಡಾಗಲೂ ತಂಪಾಗಿಯೇ ಇತ್ತು. ಕೆಲಸವೆಲ್ಲ ಮುಗಿಯಿತು, ಮಕ್ಕಳೆಲ್ಲ ಉಂಡರು, ಹಾಲು ಹೆಪ್ಪಿಗಿಟ್ಟಾಯಿತು ಎನ್ನುವಂಥ ಒಂದು ನಿರಾಳ ನನ್ನ ಭುಜದಿಂದ ಇಳಿದು ಸೊಂಟದವರೆಗೆ ಬಂತು. ಕರುಣಾಕರ ನೀರಿನ ಮೀಟರು ನೋಡುವ ಕೆಲಸದವನು. ಬಿಸಿಲಲ್ಲಿ ಮನೆಮನೆ ತಿರುಗಿ, ‘ನಮ್ಮ ಮೀಟರು ಇಷ್ಟೊಂದು ಓಡಿರಲು ಸಾಧ್ಯವೇ ಇಲ್ಲ’ ಎನ್ನುವವರ ಬೈಗುಳ ತಿಂದು ಬರುವವನು. ಮದುವೆಯಾಗದ ಅಂಥ ಒಬ್ಬ ಗಂಡಸಿಗೆ ಹಾಲು ಹೆಪ್ಪಿಗಿಟ್ಟ ನೆಮ್ಮದಿ ಎಲ್ಲಿಂದ ಬಂತು?

ನನಗೆ ಇಂಥ ಅನುಮಾನ ಬರುವುದಕ್ಕೆ ನನ್ನ ಕೆಲಸವೂ ಕಾರಣ. ಊರಿನ ಬಳಕೆದಾರರ ಸಂಘದಲ್ಲಿ ನಾನು ವಾಷಿಂಗ್ ಮಷೀನು ಪರೀಕ್ಷೆ ಮಾಡುವವಳು. ಬೇರೆ ಊರುಗಳಲ್ಲಿ ಮಷೀನು ಕೊಳ್ಳುವವರು ಕಲೆ ಹೋಗುತ್ತದೆಯೇ, ನೀರೆಷ್ಟು, ಕರೆಂಟೆಷ್ಟು ಎಂದು ನೋಡಿದರೆ ಸಾಕು. ಇಲ್ಲಿ ಕೊಳೆಯ ಜೊತೆಗೆ ಮನುಷ್ಯನೂ ಹೋಗಬೇಕು. ಹೋಗದಿದ್ದರೆ ಗಂಡನ ಸಿಡುಕು ಮಗುವಿನ ಲಂಗೋಟಿಗೆ ಹತ್ತುತ್ತದೆ, ಅತ್ತೆಯ ಅಳು ಸೊಸೆಯ ರವಿಕೆಗೆ ಬರುತ್ತದೆ, ಆಮೇಲೆ ಯಾರ ಜಗಳ ಯಾರು ಆಡುತ್ತಿದ್ದಾರೆಂದೇ ಮನೆಯವರಿಗೆ ತಿಳಿಯುವುದಿಲ್ಲ. ಆದ್ದರಿಂದ ಅಂಗಡಿಗೆ ಬರುವ ಪ್ರತಿ ಹೊಸ ಮಷೀನೂ ಮೊದಲು ನಮ್ಮ ಸಂಘಕ್ಕೆ ಬರಬೇಕು.

ಪರೀಕ್ಷೆಯ ಒಂದು ತುದಿಯಲ್ಲಿ ಶಾಂತವೀರಪ್ಪನವರು, ಇನ್ನೊಂದು ತುದಿಯಲ್ಲಿ ನಾನು. ಶಾಂತವೀರಪ್ಪನವರು ರಿಟೈರಾದ ಬಸ್ ಕಂಡಕ್ಟರು. ಅವರಿಗೆ ಬಿಳಿ ಬನಿಯನ್ನು ತೊಡಿಸಿ, ಎದುರಿಗೆ ಕೂತು ಅವರ ಅಳಿಯನ ಹೆಸರು ಹೇಳಿದರೆ ಸಾಕು. ಕಾಫಿ ಆರುವುದರೊಳಗೆ ಬನಿಯನ್ನು ಸಿಟ್ಟಿನಲ್ಲಿ ತೊಯ್ದು ಹೋಗುತ್ತದೆ. ಅದಕ್ಕೆ ಅರಿಶಿನ, ಎಣ್ಣೆ, ಕೆಮ್ಮಣ್ಣು ಬಳಿದು ಮಷೀನಿಗೆ ಹಾಕುತ್ತೇವೆ. ಒಣಗಿದ ಮೇಲೆ ನಾನು ಹೆಗಲಿಗೆ ಹಾಕಿಕೊಂಡು ಎಷ್ಟು ಸಿಟ್ಟು ಬಂತೆಂದು ಹೇಳಬೇಕು. ಕಾರ್ಯದರ್ಶಿಗಳು ನನ್ನನ್ನು ಆರಿಸಿದ್ದು ಪದವಿ ನೋಡಿ ಅಲ್ಲವಂತೆ. “ನಿನ್ನೊಳಗೆ ಸದ್ದೇ ಇಲ್ಲವಲ್ಲಮ್ಮ, ಬೇರೆಯವರದ್ದು ಚೆನ್ನಾಗಿ ಕೇಳಿಸತ್ತೆ” ಎಂದಿದ್ದರು. ಅದು ಹೊಗಳಿಕೆಯೋ ಅಲ್ಲವೋ ನನಗಿನ್ನೂ ತಿಳಿದಿಲ್ಲ.

ಹೀಗೆ ಹಾಕಿ ಹಾಕಿ ಮಷೀನುಗಳ ಗುಣ ನನಗೆ ಗೊತ್ತಾಗಿತ್ತು. ಮೇಲಿನಿಂದ ಬಟ್ಟೆ ತುಂಬುವ ಮಷೀನು ಕೊಡಗಟ್ಟಲೆ ನೀರು ಕುಡಿಯುತ್ತದೆ, ಕುಡಿದದ್ದನ್ನು ಧಾರಾಳವಾಗಿ ಚೆಲ್ಲುತ್ತದೆ. ಅದರಿಂದ ಬಂದ ಬನಿಯನ್ನಿನಲ್ಲಿ ಅರಿಶಿನದ ಛಾಯೆ ಉಳಿದಿರುತ್ತದೆ, ಅಳಿಯ ಉಳಿದಿರುವುದಿಲ್ಲ. ಎರಡು ತೊಟ್ಟಿಯ ಮಷೀನಿನಲ್ಲಿ ಎಲ್ಲವೂ ಯಜಮಾನಿಯ ತಾಳ್ಮೆಯ ಮೇಲೆ ನಿಂತಿದೆ. ಅವಳು ನೀರು ಬದಲಾಯಿಸಿದಷ್ಟು ಸಲ ಬಟ್ಟೆ ಹಗುರಾಗುತ್ತದೆ, ಧಾರಾವಾಹಿ ಶುರುವಾಯಿತೆಂದು ಎದ್ದು ಹೋದಳೋ, ಕೆಟ್ಟಿತು. ಮುಂದೆ ಗುಂಡು ಗಾಜಿನ ಬಾಗಿಲಿರುವ ಮಷೀನು ಇವೆಲ್ಲಕ್ಕಿಂತ ಚೆನ್ನಾಗಿ ಕೊಳೆ ತೆಗೆಯುತ್ತದೆ. ಬನಿಯನ್ನು ಹೊಸದರಂತೆ ಬೆಳ್ಳಗಾಗುತ್ತದೆ. ಆದರೆ ನೀರು ಉಳಿಸುವ ಆಸೆಯಲ್ಲಿ ಜಾಲಿಸುವಾಗ ಬಾಯಿ ಮುಕ್ಕಳಿಸಿದ ಶಾಸ್ತ್ರ ಮಾಡಿ ಮುಗಿಸುತ್ತದೆ. ಕಾಲರು, ತೋಳಿನ ಅಂಚು, ಹೊಲಿಗೆಯ ಮಡಿಕೆಗಳಲ್ಲಿ ತೊಟ್ಟವನ ಚೂರು ಹಾಗೇ ಕೂತಿರುತ್ತದೆ. ಕಂಪನಿಯವರು ಪರಿಮಳದ ದ್ರವ ಹಾಕಿ ಎನ್ನುತ್ತಾರೆ. ಅದು ಮುಚ್ಚುತ್ತದೆ, ತೆಗೆಯುವುದಿಲ್ಲ. ಮೈಬಿಸಿ ತಾಗಿದಾಗ ಕೆಳಗಿನದು ಮೇಲೆ ಬರುತ್ತದೆ.

ಕರುಣಾಕರನ ಅಂಗಿಯಲ್ಲಿ ನನಗೆ ಸಿಕ್ಕಿದ್ದೂ ಹಾಗೆಯೇ. ಮಾರನೆಯ ದಿನ ಮತ್ತೆ ಹಾಕಿಕೊಂಡು, ಕಾಲರನ್ನು ಕುತ್ತಿಗೆಗೆ ಒತ್ತಿ ಹಿಡಿದು ಕೂತೆ. ದಪ್ಪ ನೆಮ್ಮದಿಯ ಕೆಳಗೆ ತೆಳ್ಳಗೆ ಇನ್ನೇನೋ ಅಲುಗಿತು. ಅದು ಅನುಮಾನ. ಯಾರೋ ಯಾರನ್ನೋ ನಂಬುತ್ತಿರಲಿಲ್ಲ. ಅಂಗಿ ತೆಗೆದಿಟ್ಟು ನೋಡಿದೆ, ಅನುಮಾನ ಹಾಗೇ ಇತ್ತು. ನೀಲತ್ತೆ ಕಲ್ಲಿನ ಮೇಲೆ ಒಗೆದು ಒಣಗಿಸಿದ್ದ ನನ್ನದೇ ಕುರ್ತಾ ಹಾಕಿಕೊಂಡು ನೋಡಿದೆ, ಆಗಲೂ ಇತ್ತು. ಅಂದರೆ ಅದು ಅವನದೋ ನನ್ನದೋ? ಊರಿನ ಸಿಟ್ಟನ್ನೆಲ್ಲ ಅಳೆಯುವ ನಾನು ಇದೊಂದನ್ನು ಅಳೆಯಲಾರದೆ ಹೋದೆ. ಇನ್ನೊಬ್ಬರ ಅಂಗಿಯನ್ನು ಮನೆಯಾಚೆ ತೋರಿಸಬಾರದು. ಆದರೂ ಶುಕ್ರವಾರ ಅದನ್ನು ಚೀಲದಲ್ಲಿಟ್ಟುಕೊಂಡು ಸಂಘಕ್ಕೆ ಹೋಗಿ ಶಾಂತವೀರಪ್ಪನವರ ಮುಂದಿಟ್ಟೆ. ಯಾರದೆಂದು ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಹೆಗಲಿಗೆ ಹಾಕಿಕೊಂಡು ಕಾಲರನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿದರು.

“ಇದರೊಳಗೆ ಇಬ್ಬರವ್ರೆ ಕಣಮ್ಮ. ಒಬ್ಬರು ಉಂಡು ಮಲಗವ್ರೆ. ಇನ್ನೊಬ್ಬರು ಬಾಗಿಲ ಸಂದೀಲಿ ನಿಂತು ಇಣುಕ್ತಾವ್ರೆ. ಆದ್ರೆ ನೀನೂ ಆಗಲೇ ಹಾಕ್ಕೊಂಡಿದ್ದೀಯಲ್ಲ? ಇಣುಕ್ತಿರೋದು ನೀನೇ ಇದ್ರೂ ಇರಬಹುದು.”

ಭಾನುವಾರದೊಳಗೆ ಉತ್ತರ ಹೋಗಬೇಕಾಗಿತ್ತು. ಕರುಣಾಕರನ ಕಡೆಯವರು ಆಗಲೇ ಒಪ್ಪಿದ್ದರು, ನನ್ನ ದುಪಟ್ಟಾ ಅವರ ಮನೆಯಲ್ಲೇ ಉಳಿದಿತ್ತು. ಅದೂ ನನಗೆ ಅನುಮಾನವೇ. ನನ್ನ ದುಪಟ್ಟಾದಲ್ಲಿ ಮೆಚ್ಚುವಂಥದ್ದು ಏನಿತ್ತು? ಅಂಗಿ ಒಗೆದು ಕಳಿಸಿಬಿಡೋಣ ಎಂದರೆ, ಕಾಲರಿನ ಸಂದಿಯಲ್ಲಿ ನಿಂತವನು ನಿಜವಾಗಿ ಯಾರೆಂದು ತಿಳಿಯದೆಯೇ ಅವನನ್ನು ಹೊರಗೆ ಹಾಕಿದ ಹಾಗೆ. ಇಟ್ಟುಕೊಳ್ಳೋಣ ಎಂದರೆ, ಯಾರದೋ ನೆಮ್ಮದಿಯನ್ನು ನಂಬಿ ಇನ್ನಾರನ್ನೋ ಕಟ್ಟಿಕೊಂಡ ಹಾಗೆ. ಬಟ್ಟೆಯಲ್ಲಿ ಗೊತ್ತಾಗದ ಮನುಷ್ಯನ ಜೊತೆ ಒಂದು ಜನ್ಮ ಕಳೆಯುವುದು ಹೇಗೆಂದು ನಮ್ಮೂರಿನಲ್ಲಿ ಯಾರೂ ಯಾರಿಗೂ ಕಲಿಸಿಲ್ಲ.

ಸಂಘದ ಕೆಲಸದಲ್ಲಿ ಮನೆ ಪರೀಕ್ಷೆ ಎಂದೊಂದಿದೆ. ಮನೆಗಳಲ್ಲಿ ಬಳಕೆಯಲ್ಲಿರುವ ಮಷೀನು ಹೇಗೆ ಒಗೆಯುತ್ತಿದೆ ಎಂದು ಹೋಗಿ ನೋಡಿ ಬರುವುದು. ಶನಿವಾರ ಬೆಳಿಗ್ಗೆ ನಾನು ಶಾಂತವೀರಪ್ಪನವರ ಕೊಳೆ ಬನಿಯನ್ನು ಒಂದು ಚೀಲದಲ್ಲಿ, ಕರುಣಾಕರನ ಅಂಗಿಯನ್ನು ಇನ್ನೊಂದು ಚೀಲದಲ್ಲಿ ಹಿಡಿದು ಕರುಣಾಕರನ ಮನೆಯ ಬಾಗಿಲು ತಟ್ಟಿದೆ. ನೀಲತ್ತೆಗೆ ಕೆಲಸವಿದೆ ಎಂದಷ್ಟೇ ಹೇಳಿದ್ದೆ. ಎಂಥ ಕೆಲಸ ಎಂದು ಅವಳು ಎರಡು ಸಲ ಕೇಳಿದ್ದಳು. ಹಾಗೆ ಕೇಳುವವಳಲ್ಲ ಅವಳು.

ಬಾಗಿಲು ತೆರೆದವರು ಅವನ ತಾಯಿ ಅಂಬುಜಮ್ಮ, ದುಂಡು ಮುಖದ, ನಗುವಾಗ ಕಣ್ಣು ಮುಚ್ಚಿಹೋಗುವ ಹೆಂಗಸು. ನನ್ನ ಚೀಲದ ಬಾಯಲ್ಲಿ ಕಾಣುತ್ತಿದ್ದ ನೀಲಿ ಕಾಲರು ನೋಡಿ ಅವರ ನಗು ನಿಂತಿತು.

“ಒಗೆದು ತಂದೆಯೇನಮ್ಮ?”

ಇಲ್ಲವೆಂದೆ. ಮಷೀನು ನೋಡಲು ಬಂದೆ ಎಂದೆ. ಅವರಿಗೆ ಉಸಿರು ಬಂತು, ಆದರೆ ಮಷೀನು ಎಂದ ಕೂಡಲೇ ಕಣ್ಣು ಅತ್ತಿತ್ತ ಹೋದವು. ಮಷೀನು ಹಿಂದಿನ ಜಗಲಿಯಲ್ಲಿತ್ತು. ನಾನು ಊಹಿಸಿದ್ದಂತೆ ಗುಂಡು ಗಾಜಿನದೇ. ಕೊಳೆ ತೆಗೆಯುವುದರಲ್ಲಿ ಈ ಬೀದಿಯಲ್ಲೇ ಇದರ ಸಮಕ್ಕೆ ಇನ್ನೊಂದಿಲ್ಲ, ಮೊನ್ನೆ ಪಕ್ಕದ ಮನೆಯವರು ಮಾವಿನ ಕಲೆಯ ಪಂಚೆ ತಂದು ಹಾಕಿಸಿಕೊಂಡು ಹೋದರು ಎಂದೆಲ್ಲ ಹೇಳಿದರು. ನಾನು ಬನಿಯನ್ನು ಹಾಕಿ ಗುಂಡಿ ಒತ್ತಿದೆ. ಅದು ತಿರುಗುವಷ್ಟು ಹೊತ್ತೂ ಅಂಬುಜಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಟವೆಲ್ಲಿಗೆ ಕೈ ಒರೆಸುತ್ತಲೇ ಇದ್ದರು. ಕೈ ಒದ್ದೆಯಾಗಿರಲಿಲ್ಲ. ಕಾಫಿ ತಂದುಕೊಟ್ಟರು. ನಮ್ಮ ಮನೆಯಲ್ಲಿ ಯಾವ ಮಷೀನು ಎಂದು ಕೇಳಿದರು. ನಾನು ಯಾವುದೂ ಇಲ್ಲವೆಂದು ತಲೆಯಲ್ಲಾಡಿಸಿದೆ.

ಬನಿಯನ್ನು ಹೊರಗೆ ಬಂದಾಗ ಹಾಲಿನಂತಿತ್ತು. ಬಿಸಿಲಿಗೆ ಹರವಿದೆವು, ಆ ಬಿಸಿಲಿನಲ್ಲಿ ಒಣಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೆಗಲಿಗೆ ಹಾಕಿಕೊಂಡು ಕಣ್ಣು ಮುಚ್ಚಿದೆ. ಮೊದಲು ಏನೂ ಇರಲಿಲ್ಲ. ಆಮೇಲೆ ಕಂಕುಳಿನ ಹೊಲಿಗೆಯ ಕಡೆಯಿಂದ ಮೆಲ್ಲಗೆ ಹತ್ತಿ ಬಂತು. ನಾನು ಕಂಡೇ ಇರದ ಒಬ್ಬ ಅಳಿಯನ ಮೇಲೆ ನನ್ನ ಹಲ್ಲು ಕಚ್ಚಿಕೊಂಡವು. ಹಬ್ಬಕ್ಕೆ ಕರೆದರೆ ಬರುವುದಿಲ್ಲ, ಬಂದರೆ ಹೋಗುವುದಿಲ್ಲ.

“ಕೊಳೆ ಪೂರ್ತಿ ಹೋಗಿದೆ ಅಮ್ಮ. ಜಾಲಿಸೋದು ಸಾಲದು. ಇನ್ನೊಂದ್ಸಲ ಬರೀ ಜಾಲಿಸಿ ಹಿಂಡಿಸಿ ನೋಡೋಣ” ಎಂದೆ. ನನ್ನ ದನಿ ನನಗೇ ಗಡುಸಾಗಿ ಕೇಳಿಸಿತು. ಅಂಬುಜಮ್ಮನ ಮುಖ ಬಾಡಿತು. ಸಾಲದು ಎಂದರೆ ಏನೇನು ಸಾಲದು ಎಂದು ಅವರಿಗೆ ಅರ್ಥವಾಗಿರಬೇಕು.

ಬನಿಯನ್ನು ಮತ್ತೆ ಹಾಕಿ ಗುಂಡಿ ಒತ್ತಿದಾಗ ಕರುಣಾಕರ ಊಟಕ್ಕೆ ಬಂದ. ತೆಳ್ಳನೆಯವನು, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. ನನ್ನನ್ನು ನೋಡಿ ನಿಂತ, ಚೀಲ ನೋಡಿದ, ಆಮೇಲೆ ತಾಯಿಯನ್ನು ನೋಡಿದ. ಅವನು ಮಷೀನಿನ ಕಡೆ ಮಾತ್ರ ನೋಡಲಿಲ್ಲ. ನಾನು ಅದನ್ನೂ ಗಮನಿಸಿ ಇಟ್ಟುಕೊಂಡೆ. ಅಂಬುಜಮ್ಮ ಎಲೆ ಹಾಕುತ್ತೇನೆಂದು ಒಳಗೆ ಹೋದರು. ಮಷೀನು ಜೋರಾಗಿ ತಿರುಗತೊಡಗಿತ್ತು. ಆ ಸದ್ದಿನಲ್ಲಿ ಪಿಸುಮಾತು ಕೇಳುವಂತಿರಲಿಲ್ಲ, ಅವನು ಹತ್ತಿರ ಬಂದು ಸ್ವಲ್ಪ ಗಟ್ಟಿಯಾಗಿಯೇ ಕೇಳಿದ, ಅಂಗಿ ವಾಪಸು ಕೊಡಲು ಬಂದಿರಾ ಎಂದು.

ಶಾಂತವೀರಪ್ಪನವರ ಸಿಟ್ಟು ನನ್ನಲ್ಲಿ ಇನ್ನೂ ಪೂರ್ತಿ ಇಳಿದಿರಲಿಲ್ಲ. ಇಲ್ಲದಿದ್ದರೆ ನಾನು ತಲೆ ತಗ್ಗಿಸಿಕೊಂಡು ಮನೆಗೆ ಬರುತ್ತಿದ್ದೆ.

“ಈ ಅಂಗಿ ನಿಮ್ಮದಾ?”

“ಅಂಗಿ ನನ್ನದೇ.”

“ಒಳಗಿರೋದು?”

ಅವನು ಅಡುಗೆಮನೆಯ ಕಡೆ ನೋಡಿದ. “ಬಿಚ್ಚಿ ಕೊಟ್ಟಾಗ ಒಳಗೆ ನಾನೇ ಇದ್ದೆ. ಆಮೇಲೆ ಎರಡು ದಿನ ಅದು ಮನೇಲೇ ಇತ್ತು.”

ಅವನು ಹೇಳಿದ್ದಕ್ಕಿಂತ ಹೇಳಿದ ರೀತಿ ನನಗೆ ಹೆಚ್ಚು ತಿಳಿಸಿತು. ಆದರೆ ನನ್ನನ್ನು ನಂಬಿಸಲೆಂದೇ ಹಾಗೆ ಹೇಳಿರಬಹುದು ಎಂದೂ ಅನ್ನಿಸಿತು. ಅಷ್ಟರಲ್ಲಿ ಅವನೇ ಕೇಳಿದ.

“ನೀವು ಎಲೆ ಅಡಿಕೆ ಹಾಕ್ತೀರಾ?”

ಇಲ್ಲ ಎಂದೆ.

“ನೋಡಿದ್ರೆ ಹಾಕೋರ ಥರ ಕಾಣಲ್ಲ. ನಿಮ್ಮ ದುಪಟ್ಟಾದಲ್ಲಿ ಊಟ ಮುಗಿಸಿ, ಎಲೆ ಅಡಿಕೆ ಹಾಕ್ಕೊಂಡು, ಕಂಬಕ್ಕೆ ಒರಗಿ ಕೂತವರ ಸುಖ ಇತ್ತು. ಅಮ್ಮನಿಗೆ ಬಹಳ ಹಿಡಿಸಿತು. ನನಗೆ ಇಷ್ಟು ಸುಖವಾಗಿರೋ ಹುಡುಗಿ ಯಾರಪ್ಪಾ ಅಂತ ಭಯವಾಯ್ತು.”

ನನಗೆ ಮುಖವೆಲ್ಲ ಬಿಸಿಯಾಯಿತು. ನನ್ನ ದುಪಟ್ಟಾ ತೊಟ್ಟ ದಿನವೇ ಹೋಗಿರಲಿಲ್ಲ, ಮಡಿಸಿಡುತ್ತೇನೆಂದು ನೀಲತ್ತೆ ಒಯ್ದಿದ್ದಳು. ಅವಳ ಒಗೆತದ ಕಲ್ಲಿನಿಂದ ಎದ್ದ ಬಟ್ಟೆಯಲ್ಲಿ ಯಾರ ಚೂರೂ ಉಳಿಯುವುದಿಲ್ಲ. ಅವಳ ಕೈಯಲ್ಲಿ ನಾನು ಪೂರ್ತಿ ಹೊರಟುಹೋಗಿದ್ದೆ, ಆಮೇಲೆ ಅವಳೇ ಅದನ್ನು ಹೊದ್ದು ಕಂಬಕ್ಕೆ ಒರಗಿರಬೇಕು. ಅಂಬುಜಮ್ಮನೂ ಅದನ್ನೇ ಮಾಡಿದ್ದರು, ಆದರೆ ಮಷೀನಿಗೆ ಹಾಕಿದ್ದರಿಂದ ಮಗ ಕಾಲರಿನಲ್ಲಿ ಉಳಿದುಕೊಂಡಿದ್ದ.

“ನಮ್ಮನೇಲಿ ಮಷೀನಿಲ್ಲ” ಎಂದೆ. “ಅತ್ತೆ ಕಲ್ಲಿನ ಮೇಲೆ ಒಗೀತಾಳೆ.”

ಅವನು ಸ್ವಲ್ಪ ಯೋಚಿಸಿ, “ಹಾಗಾದ್ರೆ ಇಷ್ಟು ದಿನ ಒಪ್ಪಿಗೆಯಾಗಿರೋದು ನಿಮ್ಮತ್ತೆಗೂ ನಮ್ಮಮ್ಮಂಗೂ” ಎಂದ. ನಗುತ್ತಿದ್ದಾನೆಯೇ ಎಂದು ನೋಡಿದೆ, ನಗುತ್ತಿರಲಿಲ್ಲ. ಆಮೇಲೆ ನಕ್ಕ. ಮೊದಲೇ ಯಾಕೆ ನಗಲಿಲ್ಲ ಎಂದು ನನಗೆ ಮತ್ತೆ ಅನುಮಾನ.

ಮಷೀನು ಹಿಂಡುವ ಹಂತಕ್ಕೆ ಬಂದಿತ್ತು. ಜಗಲಿಯೆಲ್ಲ ಅದುರುತ್ತಿತ್ತು, ಮೇಲಿಟ್ಟಿದ್ದ ಕಾಫಿಯ ಲೋಟ ಜರುಗಿ ಅಂಚಿಗೆ ಬಂತು. ಕೇಳಬೇಕಾದದ್ದು ಇನ್ನೊಂದಿತ್ತು. ಈಗ ಬಿಟ್ಟರೆ ನಾನು ಅದನ್ನು ಯಾವತ್ತೂ ಕೇಳುವುದಿಲ್ಲವೆಂದು ನನಗೆ ಗೊತ್ತಿತ್ತು. ಕಾಲರಿನಲ್ಲಿ ಒಂದು ಅನುಮಾನ ಉಳಿದಿದೆ, ಅದು ನಿಮ್ಮದೇ ಆದರೆ ಯಾರ ಮೇಲೆ ಎಂದು ಕೇಳಿದೆ. ಅವನು ಕಿವಿಯ ಹಿಂದೆ ಕೈ ಇಟ್ಟು ಏನು ಎಂದ. ನಾನು ಹುಟ್ಟಿದಾಗಿನಿಂದ ಕೂಗದಷ್ಟು ಗಟ್ಟಿಯಾಗಿ ಕೂಗಿದೆ. ನಾನು ಕೂಗುತ್ತಿದ್ದಾಗಲೇ ಮಷೀನು ನಿಂತಿತು.

“ಯಾರ ಮೇಲೆ ಅನುಮಾನ ನಿಮಗೆ?”

ಮಾತು ಹಿತ್ತಲು ದಾಟಿ ಹೋಯಿತು. ಪಕ್ಕದ ತಾರಸಿಯಲ್ಲಿ ಹಪ್ಪಳ ಹರವುತ್ತಿದ್ದ ಹೆಂಗಸು ಬಗ್ಗಿದ್ದವಳು ಹಾಗೇ ತಲೆಯೆತ್ತಿ ನೋಡಿದಳು. ಅಂಬುಜಮ್ಮ ಕೈಯಲ್ಲಿ ಸೌಟು ಹಿಡಿದುಕೊಂಡು ಬಾಗಿಲಿಗೆ ಬಂದರು.

“ಏನಮ್ಮಾ ಇದು, ಬಾಯಲ್ಲೇ ಕೇಳ್ತಿದ್ದೀಯಲ್ಲ.”

ನನಗೆ ಅಲ್ಲಿಯೇ ಇಂಗಿಹೋಗಬೇಕೆನ್ನಿಸಿತು. ಕರುಣಾಕರ ಮಾತ್ರ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ಅವನು ಉತ್ತರ ಹೇಳಬೇಕಾಗಿರಲಿಲ್ಲ. ನಮ್ಮೂರಿನಲ್ಲಿ ಇಂಥ ಪ್ರಶ್ನೆಗೆ ಯಾರೂ ಉತ್ತರ ಹೇಳುವುದಿಲ್ಲ, ಮುಖ ತಿರುಗಿಸುತ್ತಾರೆ, ಅದೇ ಮರ್ಯಾದೆ.

“ನನ್ನ ಮೇಲೇ” ಎಂದ. “ಹಿಂದೆ ಎರಡು ಮನೆಯಿಂದ ಅಂಗಿ ವಾಪಸು ಬಂತು, ಇಸ್ತ್ರಿ ಮಾಡಿಸ್ಕೊಂಡು. ಅದರಲ್ಲಿ ಏನು ಕಂಡರು ಅಂತ ಅವರು ಹೇಳಲಿಲ್ಲ, ನಾನು ಕೇಳೋ ಹಾಗಿರಲಿಲ್ಲ. ಅವತ್ತಿನಿಂದ ನನ್ನಲ್ಲಿ ಏನೋ ಕೆಟ್ಟದ್ದಿದೆ, ನನಗೊಬ್ಬನಿಗೇ ಅದು ಕಾಣ್ತಿಲ್ಲ ಅನ್ನಿಸತ್ತೆ.”

“ಏನೂ ಕೆಟ್ಟದ್ದಿರಲಿಲ್ಲ ಕಣೋ” ಎಂದರು ಅಂಬುಜಮ್ಮ. ಸೌಟು ಅವರ ಕೈಯಲ್ಲಿ ನಡುಗುತ್ತಿತ್ತು. “ಬರೀ ಹೆದರಿಕೆ ಇತ್ತು. ಹೆತ್ತವಳು ನಾನು, ಮೂರನೇ ಸಲವೂ ಅದನ್ನೇ ಸುತ್ತಿ ಕಳಿಸಲಾ?”

ಅವನು ತಾಯಿಯ ಕಡೆ ತಿರುಗಿದ. ಅವನ ಮುಖ ನೋಡಿದರೆ ಆ ಮಾತು ಅವನು ಕೇಳುತ್ತಿರುವುದು ಇದೇ ಮೊದಲು ಅನ್ನಿಸುವಂತಿತ್ತು. ಅನ್ನಿಸುವಂತೆ ಮಾಡಿಕೊಂಡಿದ್ದನೋ ಏನೋ. ಹೆಗಲಿಗೆ ಹಾಕಿಕೊಂಡು ಪರೀಕ್ಷಿಸಲು ನನ್ನ ಬಳಿ ಏನೂ ಇರಲಿಲ್ಲ, ಎದುರಿಗೆ ಒಂದು ಮುಖ, ಒಂದು ದನಿ, ಅಷ್ಟೇ ಇದ್ದವು. ಹಾಸ್ಟೆಲಿನ ಹುಡುಗಿಯರು ದಿನವಿಡೀ ಇಷ್ಟರಲ್ಲೇ ಒಬ್ಬರನ್ನೊಬ್ಬರು ಹೇಗೆ ನಂಬುತ್ತಿದ್ದರೋ.

“ನನಗೆ ಪೂರ್ತಿ ನಂಬಿಕೆ ಬರಲಿಲ್ಲ” ಎಂದೆ.

“ನನಗೂ ಬಂದಿಲ್ಲ. ಈಗ ಕೂಗಿ ಕೇಳಿದ್ದು ನೀವಾ, ಆ ಬನಿಯನ್ನಾ?”

ನನ್ನೊಳಗೆ ಹುಡುಕಿ ನೋಡಿದೆ. ಅಳಿಯ ಎಲ್ಲೂ ಕಾಣಲಿಲ್ಲ. ಸಿಟ್ಟು ಯಾವಾಗ ಹೋಗಿತ್ತೋ ತಿಳಿಯಲಿಲ್ಲ, ಆದರೆ ಇನ್ನೂ ಕೇಳಬೇಕೆನ್ನುವುದು ಹೋಗಿರಲಿಲ್ಲ. ಆ ಎರಡು ಮನೆಗಳು ಯಾವುವು, ಅಲ್ಲಿಯ ಹುಡುಗಿಯರು ಹೇಗಿದ್ದರು, ಬಿಸಿಲಲ್ಲಿ ಬೈಸಿಕೊಂಡಾಗ ಇವನು ಏನು ಮಾಡುತ್ತಾನೆ, ನನ್ನಂಥವಳು ಮನೆಯಲ್ಲಿ ದಿನಗಟ್ಟಲೆ ಮಾತಾಡದೆ ಇದ್ದರೆ ಇವನಿಗೇನನ್ನಿಸುತ್ತದೆ. ಇವನ್ನೆಲ್ಲ ಈ ಸದ್ದಿಲ್ಲದ ಹಿತ್ತಲಿನಲ್ಲಿ, ಹಪ್ಪಳದವಳ ಎದುರಿಗೆ ಕೇಳುವುದು ನನ್ನಿಂದ ಆಗುವಂತಿರಲಿಲ್ಲ. ಗೊತ್ತಿಲ್ಲ ಎಂದೆ.

ಕರುಣಾಕರ ತಾರಸಿಯ ಕಡೆ ನೋಡಿದ, ನನ್ನ ಕಡೆ ನೋಡಿದ.

“ಅಮ್ಮಾ, ಮಷೀನು ಇನ್ನೊಂದ್ಸಲ ಹಾಕು.”

“ಹಾಕೋದಕ್ಕೆ ಬಟ್ಟೆ ಎಲ್ಲಿದೆಯೋ, ಎಲ್ಲ ಆಯ್ತಲ್ಲ.”

“ಏನಾದ್ರೂ ಹಾಕು. ದೊಡ್ಡ ಒಗೆತಕ್ಕೆ ಹಾಕು, ಬೇಗ ನಿಲ್ಲಬಾರದು.”

ಅಂಬುಜಮ್ಮ ಮಗನನ್ನು ನೋಡಿದರು, ನನ್ನನ್ನು ನೋಡಿದರು. ಸೌಟನ್ನು ಕಿಟಕಿಯ ಮೇಲಿಟ್ಟು, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಒಣ ಟವೆಲ್ಲನ್ನು ಮಷೀನಿಗೆ ಹಾಕಿ, ಬಾಗಿಲು ಮುಚ್ಚಿ ಗುಂಡಿ ಒತ್ತಿದರು. ಆಮೇಲೆ ತಾರಸಿಯವಳನ್ನು ಕರೆದು ಹಪ್ಪಳಕ್ಕೆ ಈ ಸಲ ಜೀರಿಗೆ ಎಷ್ಟು ಹಾಕಿದೆ ಎಂದು ಕೇಳುತ್ತ ಅತ್ತ ನಡೆದರು. ನೀರು ತುಂಬಿಕೊಳ್ಳುವಷ್ಟು ಹೊತ್ತು ನಾವಿಬ್ಬರೂ ಸುಮ್ಮನೆ ಗಾಜಿನೊಳಗೆ ನೋಡುತ್ತ ನಿಂತೆವು. ಡ್ರಮ್ಮು ತಿರುಗಿ ಸದ್ದು ಏರಿದ ಕೂಡಲೇ ಅವನು ಬಾಯಿ ತೆರೆದ, ನಾನೂ ತೆರೆದೆ.